ಮೊದಲ ಕಾರು: ಇನ್ಶೂರೆನ್ಸ್ ಮೊದಲೋ, ಕಾರು ಮೊದಲೋ?

ಪ್ರಶ್ನೆ: ಮೊದಲ ಸಲ ಕಾರು ತಗೊಳ್ಳಬೇಕು ಅಂತಿದ್ದೇನೆ. ಲೈಸೆನ್ಸ್ ಸಿಕ್ಕಿ ಇನ್ನೂ ಒಂದು ವರ್ಷ ಆಗಿಲ್ಲ. ಹೊಸದೋ ಸೆಕೆಂಡ್ ಹ್ಯಾಂಡೋ ಅನ್ನೋದೂ ತೀರ್ಮಾನ ಆಗಿಲ್ಲ. ಕಾರೇ ಇಲ್ಲದೆ ಇನ್ಶೂರೆನ್ಸ್ ಮಾಡಿಸೋಕೆ ಆಗುತ್ತಾ? ಒಬ್ಬ ಗೆಳೆಯ "ಕಾರು ಮನೆಗೆ ಬಂದ ಮೇಲೆ ಕೆಲವು ದಿನ ಟೈಮ್ ಇರುತ್ತೆ, ಆರಾಮಾಗಿ ಮಾಡಿಸು" ಅಂತಾನೆ. ಇನ್ನೊಬ್ಬ "ಇನ್ಶೂರೆನ್ಸ್ ಇಲ್ಲದೆ ಕೀನೇ ಕೊಡಲ್ಲ" ಅಂತಾನೆ. ಸೆಕೆಂಡ್ ಹ್ಯಾಂಡ್ ಆದ್ರೆ ಹಳೇ ಮಾಲೀಕರ ಪಾಲಿಸಿಯಲ್ಲೇ ಓಡಿಸಬಹುದಾ? ಪ್ರೀಮಿಯಂ ಕಡಿಮೆ ಆಗುತ್ತೆ ಅಂತ ಅಪ್ಪನ ಹೆಸರಲ್ಲಿ ಮಾಡಿಸೋದು ಸರಿನಾ?

ಉತ್ತರ: ನಿಮ್ಮ ಇಬ್ಬರು ಗೆಳೆಯರೂ ಸುಳ್ಳು ಹೇಳುತ್ತಿಲ್ಲ. ಅವರವರ ಮಟ್ಟಿಗೆ ಅದು ನಿಜವೇ. ಆದರೆ ಮೊದಲ ಕಾರು ಕೊಳ್ಳುವವರ ಲೆಕ್ಕ ಬೇರೆ.

ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಯಾವ ಕಾರು ಅಂತ ಗೊತ್ತಾಗದೆ ಪಾಲಿಸಿ ಕೊಳ್ಳಲು ಆಗುವುದಿಲ್ಲ. ಆದರೆ ಪ್ರೀಮಿಯಂ ಎಷ್ಟಾಗುತ್ತದೆ ಅಂತ ಕೇಳಲು ಕಾರು ನಿಮ್ಮದಾಗಿರಬೇಕಿಲ್ಲ. ಆ ವಿಚಾರಣೆಯನ್ನು ಕಾರು ಆರಿಸುವ ಮೊದಲೇ ಮಾಡಿ. ಪಾಲಿಸಿಯನ್ನು ಕಾರು ಗೊತ್ತಾದ ಮೇಲೆ, ಕೀ ಕೈಗೆ ಬರುವ ಮೊದಲು ತಗೊಳ್ಳಿ. ಹೆಚ್ಚಿನವರು ಮಾಡುವುದು ಇದಕ್ಕೆ ಉಲ್ಟಾ. ಕಾರು ಮೆಚ್ಚುತ್ತಾರೆ, ಮುಂಗಡ ಕೊಡುತ್ತಾರೆ, ಸಾಲ ಪಾಸ್ ಮಾಡಿಸುತ್ತಾರೆ. ಡೆಲಿವರಿಯ ದಿನ ಬೆಳಿಗ್ಗೆ ಇನ್ಶೂರೆನ್ಸ್ ನೆನಪಾಗುತ್ತದೆ. ಆಗ ಯಾರು ಏನು ಮುಂದಿಟ್ಟರೂ ಸಹಿ ಹಾಕುವುದೇ ಗತಿ.

ಕಾರೇ ಇಲ್ಲದೆ ಪಾಲಿಸಿ ಯಾಕೆ ಕೊಡುವುದಿಲ್ಲ? ಇನ್ಶೂರೆನ್ಸಿನ ಹಳೇ ನಿಯಮ ಒಂದಿದೆ. ಆ ವಸ್ತು ಹಾಳಾದರೆ ನಿಮ್ಮ ಜೇಬಿಗೆ ಪೆಟ್ಟು ಬೀಳಬೇಕು. ಬೀಳದಿದ್ದರೆ ಅದು ವಿಮೆಯಲ್ಲ, ಬಾಜಿ. ಪಕ್ಕದ ಮನೆಯವರ ಕಾರಿಗೆ ನೀವು ವಿಮೆ ಮಾಡಿಸಿ, ಅದು ಕಳುವಾಗಲಿ ಅಂತ ಕಾಯುತ್ತಾ ಕೂರಲು ಯಾವ ಕಂಪನಿಯೂ ಬಿಡುವುದಿಲ್ಲ. ಜೊತೆಗೆ ಪಾಲಿಸಿ ಒಂದು ನಿರ್ದಿಷ್ಟ ಕಾರಿಗೆ ಅಂಟಿಕೊಂಡಿರುತ್ತದೆ. ಆ ಗುರುತು ಅಂದರೆ ಚಾಸಿಸ್ ನಂಬರ್. ಈಗಿನ ಹೆಚ್ಚಿನ ಕಾರುಗಳಲ್ಲಿ ಅದು 17 ಅಕ್ಷರ ಮತ್ತು ಅಂಕಿಗಳ ಸಾಲು. ಅದರಲ್ಲಿ ಐ, ಓ, ಕ್ಯೂ ಅನ್ನುವ ಮೂರು ಇಂಗ್ಲಿಷ್ ಅಕ್ಷರಗಳನ್ನು ಬಳಸುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗಬಾರದು ಅಂತ. ಫಾರಂ ತುಂಬುವಾಗ ಇದು ನೆನಪಿರಲಿ. ದುಂಡಗೆ ಕಂಡದ್ದು ಸೊನ್ನೆಯೇ. ಈ ನಂಬರ್ ಒಂದು ಅಕ್ಷರ ತಪ್ಪಿದರೂ ಕ್ಲೇಮ್ ಸಮಯದಲ್ಲಿ ಪತ್ರ ವ್ಯವಹಾರ ಶುರುವಾಗುತ್ತದೆ.

ನಂಬರ್ ಪ್ಲೇಟ್ ಬಂದಿರಬೇಕು ಅಂತೇನಿಲ್ಲ. ಭಾರತದಲ್ಲಿ ಹೊಸ ಕಾರಿಗೆ ಚಾಸಿಸ್ ಮತ್ತು ಇಂಜಿನ್ ನಂಬರ್ ಮೇಲೆಯೇ ಪಾಲಿಸಿ ಆಗುತ್ತದೆ. ರಿಜಿಸ್ಟ್ರೇಷನ್ ಆಮೇಲೆ. ಜರ್ಮನಿಯಲ್ಲಿ ಇನ್ನೂ ಕಟ್ಟುನಿಟ್ಟು. ವಿಮಾ ಕಂಪನಿ ಕೊಡುವ ಏಳು ಅಕ್ಷರಗಳ ಒಂದು ಕೋಡ್ ಇಲ್ಲದೆ ಅಲ್ಲಿ ಕಾರನ್ನು ನೋಂದಾಯಿಸುವುದೇ ಇಲ್ಲ. ಅಮೆರಿಕದಲ್ಲಿ ಸ್ವಂತ ಕಾರಿಲ್ಲದೆ ಬೇರೆಯವರ ಕಾರು ಓಡಿಸುವವರಿಗೆ 'ನಾನ್ ಓನರ್' ಅನ್ನುವ ಪಾಲಿಸಿ ಸಿಗುತ್ತದೆ. ಕಾರಿಲ್ಲದೆ ಸಿಗುವ ವಿಮೆ ಅಂದರೆ ಅದೊಂದೇ ಅನ್ನಬಹುದು. ಆದರೆ ಅದು ನೀವು ಬೇರೆಯವರಿಗೆ ಮಾಡಿದ ಹಾನಿಗೆ ಮಾತ್ರ. ನಾಳೆ ನಿಮ್ಮದೇ ಕಾರು ಬಂದಾಗ ಅದಕ್ಕೆ ಇದು ಸಾಲದು.

ಈಗ ಆ ಗೆಳೆಯ ಹೇಳಿದ "ಕೆಲವು ದಿನ ಟೈಮ್" ವಿಚಾರ. ಇದು ಎಲ್ಲಿಂದ ಬಂತು ಗೊತ್ತಾ? ಅಮೆರಿಕದಂಥ ಕಡೆ, ಈಗಾಗಲೇ ಒಂದು ಕಾರಿಗೆ ಪಾಲಿಸಿ ಇದ್ದವರು ಎರಡನೇ ಕಾರು ಕೊಂಡರೆ ಹಳೇ ಪಾಲಿಸಿಯೇ ಕೆಲವು ದಿನ ಹೊಸ ಕಾರನ್ನೂ ಕಾಯುತ್ತದೆ. ಕಂಪನಿ ನೋಡಿಕೊಂಡು ಅದು 7 ದಿನವೂ ಇರಬಹುದು, 30 ದಿನವೂ ಇರಬಹುದು. ಅಷ್ಟರೊಳಗೆ ಹೊಸ ಕಾರಿನ ವಿವರ ತಿಳಿಸಬೇಕು. ಅನುಕೂಲ ನಿಜ. ಆದರೆ ಅದು ಹಳೇ ಪಾಲಿಸಿಯ ಅನುಕೂಲ. ನಿಮಗೆ ಹಳೇ ಪಾಲಿಸಿಯೇ ಇಲ್ಲವಲ್ಲ! ಮೊದಲ ಕಾರು ಕೊಳ್ಳುವವರಿಗೆ ಅಂಥ ಒಂದು ದಿನದ ರಿಯಾಯಿತಿಯೂ ಇಲ್ಲ ಅಂತಲೇ ತಿಳಿದುಕೊಳ್ಳಿ. ಶೋರೂಂ ಗೇಟಿನಿಂದ ಮನೆಯ ಗೇಟಿನವರೆಗಿನ ದಾರಿಗೂ ವಿಮೆ ಬೇಕು. ಹೊಸ ಕೈ, ಹೊಸ ಕ್ಲಚ್ಚು, ಕಾರಿನ ಅಗಲ ಇನ್ನೂ ಕಣ್ಣಿಗೆ ಕೂತಿರುವುದಿಲ್ಲ. ಪೆಟ್ಟು ಆಗುವುದಕ್ಕೆ ಅದಕ್ಕಿಂತ ಒಳ್ಳೇ ಮುಹೂರ್ತ ಬೇಕಾ?

ಇನ್ನೊಬ್ಬ ಗೆಳೆಯನ ಮಾತು ಸಾಲದ ಕಾರಿಗೆ ಪೂರ್ತಿ ಸರಿ. ಸಾಲ ಕೊಡುವವರಿಗೆ ಆ ಕಾರೇ ಅಡಮಾನ. ಹಾಗಾಗಿ ಬರೀ ಥರ್ಡ್ ಪಾರ್ಟಿ (ಎದುರಿನವರಿಗೆ ಆದ ಹಾನಿಯ ವಿಮೆ) ಅಲ್ಲ, ಕಾರಿನ ಸ್ವಂತ ಹಾನಿಯನ್ನೂ ಭರಿಸುವ ಪಾಲಿಸಿಯನ್ನೇ ಕೇಳುತ್ತಾರೆ. ತಮ್ಮ ಹೆಸರನ್ನು ಪಾಲಿಸಿಯಲ್ಲಿ ಬರೆಸುತ್ತಾರೆ. ಅದು ತೋರಿಸದೆ ಕಾರು ಆಚೆ ಬಿಡುವುದಿಲ್ಲ. ಕೈಯಲ್ಲಿ ದುಡ್ಡಿಟ್ಟು ಖಾಸಗಿಯವರಿಂದ ಕೊಂಡರೆ ಮಾತ್ರ ಯಾರೂ ತಡೆಯುವುದಿಲ್ಲ. ಕೀ ಕೊಟ್ಟು ಕೈ ಕುಲುಕಿ ಹೊರಟುಬಿಡುತ್ತಾರೆ. ಎಚ್ಚರ ತಪ್ಪುವುದು ಅಲ್ಲಿಯೇ.

ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಬ್ರಿಟನ್ನಿನಲ್ಲಿ 1930ರ ಕಾಯ್ದೆಯಿಂದಲೇ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅಮೆರಿಕದಲ್ಲಿ ಮೊದಲು ಕಡ್ಡಾಯ ಮಾಡಿದ್ದು ಮ್ಯಾಸಚೂಸೆಟ್ಸ್ ರಾಜ್ಯ, 1927ರಲ್ಲಿ. ಅದರ ಪಕ್ಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಇವತ್ತಿಗೂ ಎಲ್ಲರಿಗೂ ಕಡ್ಡಾಯವಿಲ್ಲ. ನ್ಯೂಜಿಲೆಂಡ್‌ನಲ್ಲೂ ಇಲ್ಲ, ಯಾಕಂದರೆ ಅಪಘಾತದಲ್ಲಿ ಗಾಯಗೊಂಡವರ ಖರ್ಚನ್ನು ಅಲ್ಲಿ 1974ರಿಂದ ಸರ್ಕಾರದ ಯೋಜನೆಯೇ ನೋಡಿಕೊಳ್ಳುತ್ತದೆ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಕಡ್ಡಾಯ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಮಾಡಿಸಬೇಕು. ಸ್ವಂತ ಹಾನಿಯ ಭಾಗವನ್ನು ಮಾತ್ರ ಒಂದೊಂದೇ ವರ್ಷಕ್ಕೆ ತಗೊಳ್ಳಬಹುದು. ಈ ಎರಡು ಭಾಗ ಬೇರೆ ಬೇರೆ ಅಂತ ಗೊತ್ತಿಲ್ಲದೆ "ಮೂರು ವರ್ಷ ಇನ್ಶೂರೆನ್ಸ್ ಇದೆ" ಅಂತ ಎರಡನೇ ವರ್ಷ ನೆಮ್ಮದಿಯಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಇರುವುದು ಎದುರಿನವರ ಹಾನಿಗೆ ಮಾತ್ರ. ತಮ್ಮ ಕಾರಿನ ಬಾನೆಟ್‌ಗೆ ಅಲ್ಲ.

ಇನ್ನು ಕೊಟೇಶನ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ದುಡ್ಡು ಉಳಿಯುವುದು ಇಲ್ಲಿಯೇ.

ನಿಮ್ಮ ಮನಸ್ಸಿನಲ್ಲಿ ಮೂರೋ ನಾಲ್ಕೋ ಕಾರು ಇರಬಹುದು. ಒಂದೊಂದಕ್ಕೂ ಪ್ರೀಮಿಯಂ ವಿಚಾರಿಸಿ. ಬೆಲೆ ಒಂದೇ ಇರುವ ಎರಡು ಕಾರುಗಳ ಪ್ರೀಮಿಯಂ ಒಂದೇ ಇರಬೇಕು ಅಂತೇನಿಲ್ಲ. ಬಿಡಿಭಾಗ ಸುಲಭವಾಗಿ ಸಿಗುತ್ತದಾ, ಕಳ್ಳರಿಗೆ ಆ ಮಾಡೆಲ್ ಇಷ್ಟವಾ, ಇಂಜಿನ್ ಎಷ್ಟು ದೊಡ್ಡದು, ಪೆಟ್ಟಾದಾಗ ರಿಪೇರಿಗೆ ಎಷ್ಟು ಗಂಟೆ ಹಿಡಿಯುತ್ತದೆ, ಇದನ್ನೆಲ್ಲ ಕಂಪನಿಗಳು ಲೆಕ್ಕ ಹಾಕುತ್ತವೆ. ಬ್ರಿಟನ್ನಿನಲ್ಲಿ ಇದಕ್ಕಾಗಿಯೇ ಕಾರುಗಳನ್ನು 1ರಿಂದ 50ರವರೆಗಿನ ಗುಂಪುಗಳಾಗಿ ವಿಂಗಡಿಸುವ ಪದ್ಧತಿ ಬೆಳೆದುಬಂತು. ಭಾರತದಲ್ಲಿ ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಇಂಜಿನ್ ಗಾತ್ರ 1000 ಸಿಸಿ, 1500 ಸಿಸಿ ಗೆರೆ ದಾಟಿದಾಗ ದರ ಮೇಲೇರುತ್ತದೆ. ಹಾಗಾಗಿ ಆ ಭಾಗದಲ್ಲಿ ಕಂಪನಿ ಕಂಪನಿ ಹೋಲಿಸಿ ಸುಮ್ನೆ ಸಮಯ ಹಾಳು ಮಾಡಬೇಡಿ. ವ್ಯತ್ಯಾಸ ಇರುವುದೆಲ್ಲ ಸ್ವಂತ ಹಾನಿಯ ಭಾಗದಲ್ಲಿ.

ಟಾಪ್ ವೇರಿಯಂಟ್ ಮೇಲೆ ಕಣ್ಣಿದ್ದರೆ ಇನ್ನೊಂದು ಮಾತು. ಈಗಿನ ಕಾರುಗಳಲ್ಲಿ ಮುಂದಿನ ಗಾಜಿನ ಹಿಂದೆ ಕ್ಯಾಮೆರಾ, ಬಂಪರ್ ಒಳಗೆ ಸೆನ್ಸರ್, ರೇಡಾರ್ ಇರುತ್ತವೆ. ಗಾಜು ಒಡೆದರೆ ಗಾಜು ಹಾಕಿದರೆ ಮುಗಿಯುವುದಿಲ್ಲ. ಕ್ಯಾಮೆರಾವನ್ನು ಮತ್ತೆ ಸರಿಹೊಂದಿಸಬೇಕು. ಸಣ್ಣ ಉಜ್ಜುವಿಕೆಯೂ ದೊಡ್ಡ ಬಿಲ್ ಆಗುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿಯೇ ಕಾರಿನ ಬೆಲೆಯ ದೊಡ್ಡ ಪಾಲು. ಕೆಳಗಡೆಯಿಂದ ಅದಕ್ಕೆ ಪೆಟ್ಟಾದರೆ ರಿಪೇರಿಗಿಂತ ಕಾರನ್ನೇ ಬಿಟ್ಟುಬಿಡುವುದು ಲಾಭ ಅನ್ನುವ ಪರಿಸ್ಥಿತಿ ಬರಬಹುದು. ಇದೆಲ್ಲ ಪ್ರೀಮಿಯಂನಲ್ಲಿ ಮೊದಲೇ ಸೇರಿರುತ್ತದೆ. ಕಾರಿನ ಬೆಲೆ ಒಮ್ಮೆ ಕಟ್ಟುತ್ತೀರಿ, ಪ್ರೀಮಿಯಂ ವರ್ಷ ವರ್ಷ ಕಟ್ಟುತ್ತೀರಿ. ಐದು ವರ್ಷದ್ದು ಕೂಡಿಸಿ ನೋಡಿದರೆ ಮೆಚ್ಚಿದ ಕಾರು ಬದಲಾಗುವುದೂ ಉಂಟು.

ಕಾರಿನಷ್ಟೇ ನಿಮ್ಮನ್ನೂ ತೂಗುವ ದೇಶಗಳಿವೆ. ವಯಸ್ಸು, ಲೈಸೆನ್ಸ್ ಸಿಕ್ಕ ದಿನ, ವಿಳಾಸ, ರಾತ್ರಿ ಕಾರು ನಿಲ್ಲುವ ಜಾಗ, ವರ್ಷಕ್ಕೆ ಎಷ್ಟು ಕಿಲೋಮೀಟರ್, ಕೆಲಸಕ್ಕೆ ಓಡಿಸುತ್ತೀರಾ, ಮನೆಯಲ್ಲಿ ಇನ್ಯಾರು ಓಡಿಸುತ್ತಾರೆ, ಎಲ್ಲ ಕೇಳುತ್ತಾರೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಸಾಲ ತೀರಿಸಿದ ಚರಿತ್ರೆಯನ್ನೂ ನೋಡುತ್ತಾರೆ. ಕ್ಯಾಲಿಫೋರ್ನಿಯಾ, ಹವಾಯಿ, ಮ್ಯಾಸಚೂಸೆಟ್ಸ್‌ಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಕೊಟೇಶನ್ ಕೇಳಿದ್ದರಿಂದ ಕ್ರೆಡಿಟ್ ಸ್ಕೋರ್ ಇಳಿಯುವುದಿಲ್ಲ, ಆ ಭಯ ಬೇಡ. ಯುರೋಪಿನಲ್ಲಿ ಒಂದು ಕಾಲದಲ್ಲಿ ಹುಡುಗಿಯರಿಗೆ ಪ್ರೀಮಿಯಂ ಕಡಿಮೆ ಇರುತ್ತಿತ್ತು. ಯುರೋಪಿಯನ್ ನ್ಯಾಯಾಲಯ 2011ರಲ್ಲಿ ಅದು ತಾರತಮ್ಯ ಅಂದಿತು. 2012ರ ಡಿಸೆಂಬರ್ 21ರಿಂದ ಹೊಸ ಪಾಲಿಸಿಗಳಲ್ಲಿ ಗಂಡು ಹೆಣ್ಣು ಭೇದ ಹೋಯಿತು.

ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಇಂಥ ದೇಶಗಳಲ್ಲಿ ಪ್ರೀಮಿಯಂ ಮೈ ಜುಮ್ಮೆನ್ನುವಷ್ಟು ಇರುತ್ತದೆ. ಅದಕ್ಕೇ ಬ್ಲ್ಯಾಕ್ ಬಾಕ್ಸ್ ಪಾಲಿಸಿ ಅಂತ ಬಂದಿದೆ. ಕಾರಿನಲ್ಲೊಂದು ಪೆಟ್ಟಿಗೆಯೋ ಫೋನಿನಲ್ಲೊಂದು ಆ್ಯಪೋ ನೀವು ಹೇಗೆ ಬ್ರೇಕ್ ಹಾಕುತ್ತೀರಿ, ಎಷ್ಟು ವೇಗ ಹೋಗುತ್ತೀರಿ ಅಂತ ಕಂಪನಿಗೆ ಹೇಳುತ್ತಿರುತ್ತದೆ. ಚೆನ್ನಾಗಿ ಓಡಿಸಿದರೆ ಪ್ರೀಮಿಯಂ ಇಳಿಯುತ್ತದೆ. ಯಾರೋ ನೋಡುತ್ತಿದ್ದಾರೆ ಅನ್ನುವುದು ಎಲ್ಲರಿಗೂ ಒಗ್ಗುವುದಿಲ್ಲ. ಆದರೆ ಹೊಸ ಡ್ರೈವರ್‌ಗೆ ಇದಕ್ಕಿಂತ ಪ್ರಾಮಾಣಿಕ ರಿಯಾಯಿತಿ ನನಗೆ ಕಂಡಿಲ್ಲ.

ಭಾರತದಲ್ಲಿ ಹೀಗಲ್ಲ. ಇಲ್ಲಿ ಪ್ರೀಮಿಯಂ ಹೆಚ್ಚಾಗಿ ಕಾರಿನ ಮೇಲೆ ನಿಂತಿದೆ. ಲೈಸೆನ್ಸ್ ಇರುವ ಯಾರು ಓಡಿಸಿದರೂ ಸಾಮಾನ್ಯವಾಗಿ ಪಾಲಿಸಿ ನಡೆಯುತ್ತದೆ. ಹೊಸಬರು ಅನ್ನುವ ಕಾರಣಕ್ಕೆ ಬೀಳುವ ಪೆಟ್ಟು ಒಂದೇ, ನಿಮಗೆ ನೋ ಕ್ಲೇಮ್ ಬೋನಸ್ ಇರುವುದಿಲ್ಲ. ಅದು ಕ್ಲೇಮ್ ಇಲ್ಲದ ಮೊದಲ ವರ್ಷದ ನಂತರ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20ರ ರಿಯಾಯಿತಿಯಿಂದ ಶುರುವಾಗಿ ಐದು ವರ್ಷಕ್ಕೆ ಶೇ. 50ರವರೆಗೆ ಹೋಗುತ್ತದೆ. ಆ ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಇದು ಮುಂದೆ ಸೆಕೆಂಡ್ ಹ್ಯಾಂಡ್ ವಿಚಾರದಲ್ಲಿ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಎರಡು ಕೊಟೇಶನ್ ಹೋಲಿಸುವಾಗ ಕೊನೆಯ ಮೊತ್ತ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಮೊತ್ತ ಇಳಿಸುವುದು ತುಂಬಾ ಸುಲಭ. ಕಾರಿನ ವಿಮಾ ಮೌಲ್ಯವನ್ನು ಕಡಿಮೆ ತೋರಿಸಿದರೆ ಪ್ರೀಮಿಯಂ ಇಳಿಯುತ್ತದೆ. ಕಾರು ಕಳುವಾದಾಗ ಸಿಗುವುದೂ ಅಷ್ಟೇ ಕಡಿಮೆ. ಭಾರತದಲ್ಲಿ ಇದನ್ನು ಐಡಿವಿ ಅನ್ನುತ್ತಾರೆ. ಹೊಸ ಕಾರಿಗೆ ಆರು ತಿಂಗಳೊಳಗೆ ಶೇ. 5, ಒಂದು ವರ್ಷದೊಳಗೆ ಶೇ. 15 ಸವಕಳಿ ಕಳೆಯುತ್ತಾರೆ. ಎರಡು ವರ್ಷದ ಹೊತ್ತಿಗೆ ಅದು ಶೇ. 20 ಆಗುತ್ತದೆ. ಇನ್ನೊಂದು ದಾರಿ, ಪ್ರತಿ ಕ್ಲೇಮಿನಲ್ಲೂ ನೀವು ಕೈಯಿಂದ ಹಾಕಬೇಕಾದ ಪಾಲನ್ನು ಹೆಚ್ಚಿಸುವುದು. ಹೊಸ ಡ್ರೈವರ್‌ಗೆ ಸಣ್ಣ ಸಣ್ಣ ಪೆಟ್ಟೇ ಜಾಸ್ತಿ. ಕಂಬಕ್ಕೆ ಉಜ್ಜಿದ್ದು, ರಿವರ್ಸ್‌ನಲ್ಲಿ ಗೋಡೆಗೆ ತಾಗಿದ್ದು, ಇವೆಲ್ಲ ಆ ಪಾಲಿನೊಳಗೇ ಮುಗಿದುಹೋದರೆ ಪಾಲಿಸಿ ಇದ್ದೂ ಇಲ್ಲದ ಹಾಗೆ. ಅದಕ್ಕೆ ವಿಮಾ ಮೌಲ್ಯ, ನಿಮ್ಮ ಪಾಲು, ಆ್ಯಡ್ ಆನ್‌ಗಳು (ಹೆಚ್ಚು ಹಣ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆಗಳು), ಮೂರನ್ನೂ ಒಂದೇ ಇಟ್ಟು ಆಮೇಲೆ ಮೊತ್ತ ಹೋಲಿಸಿ.

ಥರ್ಡ್ ಪಾರ್ಟಿ ಸಾಕಾ, ಸ್ವಂತ ಹಾನಿಯೂ ಸೇರಿದ ಫುಲ್ ಇನ್ಶೂರೆನ್ಸ್ ಬೇಕಾ ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಥರ್ಡ್ ಪಾರ್ಟಿ ಅಂದಾಕ್ಷಣ ಎದುರಿನವರ ಎಲ್ಲ ನಷ್ಟವೂ ಅದರೊಳಗೆ ಬಂತು ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕಡ್ಡಾಯವಾದ ವಿಮೆ ಜನರ ಗಾಯಕ್ಕೆ ಮಾತ್ರ. ಎದುರಿನ ಕಾರು ಜಖಂ ಆದರೆ ಅದರಲ್ಲಿ ಬಿಡಿಗಾಸೂ ಬರುವುದಿಲ್ಲ. ಭಾರತದಲ್ಲಿ ಎದುರಿನವರ ಆಸ್ತಿ ಹಾನಿಗೆ 7.5 ಲಕ್ಷ ರೂಪಾಯಿಯ ಮಿತಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಆಸ್ತಿ ಹಾನಿಯ ಕನಿಷ್ಠ ಮಿತಿ ಬಹಳ ಕಾಲ 5,000 ಡಾಲರ್ ಇತ್ತು. 2025ರ ಜನವರಿಯಿಂದ ಅದು 15,000 ಆಗಿದೆ. ಒಂದು ದುಬಾರಿ ಕಾರಿಗೆ ಗುದ್ದಿದರೆ ಅದೂ ಸಾಲದು. ಕನಿಷ್ಠ ಮಿತಿ ಅನ್ನುವುದು ಪೊಲೀಸರಿಗೆ ತೋರಿಸಲು ಸಾಕು, ನಿಮ್ಮ ಉಳಿತಾಯ ಕಾಯಲು ಸಾಕಾಗಬೇಕು ಅಂತೇನಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಹೊಸ ಕಾರಿಗೂ ಸಾಲದ ಕಾರಿಗೂ ಫುಲ್ ಇನ್ಶೂರೆನ್ಸೇ ಸರಿ. ತೀರಾ ಹಳೇ ಕಾರು, ಹೋದರೂ ಕಣ್ಣೀರು ಹಾಕದಷ್ಟು ಬೆಲೆಯದ್ದು ಅಂದರೆ ಥರ್ಡ್ ಪಾರ್ಟಿಗೆ ನಿಲ್ಲಬಹುದು. ಆಗಲೂ ಎರಡರ ದರವನ್ನೂ ಕೇಳಿ. ಬ್ರಿಟನ್ನಿನಲ್ಲಿ ಎಷ್ಟೋ ಸಲ ಫುಲ್ ಇನ್ಶೂರೆನ್ಸೇ ಅಗ್ಗವಾಗಿ ಸಿಗುವ ವಿಚಿತ್ರವೂ ಇದೆ.

ಸಾಲ ದೊಡ್ಡದಿದ್ದರೆ ಒಂದು ಅಂತರದ ಬಗ್ಗೆ ಯೋಚಿಸಿ. ಕಾರಿನ ಬೆಲೆ ಸಾಲಕ್ಕಿಂತ ಬೇಗ ಇಳಿಯುತ್ತದೆ. ಮೊದಲ ವರ್ಷವೇ ಕಾರು ನಜ್ಜುಗುಜ್ಜಾದರೆ ಕಂಪನಿ ಕೊಡುವುದು ಅವತ್ತಿನ ಮೌಲ್ಯ. ಬ್ಯಾಂಕಿಗೆ ಉಳಿದ ಬಾಕಿ ಅದಕ್ಕಿಂತ ಜಾಸ್ತಿ ಇರಬಹುದು. ಕಾರಿಲ್ಲ, ಕಂತು ಇದೆ! ಈ ಅಂತರ ತುಂಬುವ ಪಾಲಿಸಿಯನ್ನು ಹೊರದೇಶಗಳಲ್ಲಿ ಗ್ಯಾಪ್ ಇನ್ಶೂರೆನ್ಸ್ ಅನ್ನುತ್ತಾರೆ. ಭಾರತದಲ್ಲಿ ರಿಟರ್ನ್ ಟು ಇನ್ವಾಯ್ಸ್ ಅನ್ನುವ ಆ್ಯಡ್ ಆನ್ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ಮುಂಗಡ ಕಡಿಮೆ ಕೊಟ್ಟು ಸಾಲ ಜಾಸ್ತಿ ಮಾಡುವವರಿಗೆ ಇದು ದಂಡದ ಖರ್ಚಲ್ಲ. ಅರ್ಧಕ್ಕಿಂತ ಹೆಚ್ಚು ನಗದು ಕೊಡುವವರು ಇದನ್ನು ಬಿಟ್ಟರೂ ನಡೆಯುತ್ತದೆ.

ಶೋರೂಂನಲ್ಲಿ "ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸಬೇಕು ಸಾರ್" ಅನ್ನುತ್ತಾರೆ. ಮಾಡಿಸಲೇಬೇಕು ಅಂತೇನಿಲ್ಲ. ಹಾಗಂತ ಅವರದ್ದು ಯಾವಾಗಲೂ ಕೆಟ್ಟದ್ದು ಅಂತಲೂ ಅಲ್ಲ. ಅವರ ವರ್ಕ್‌ಶಾಪಿನಲ್ಲೇ ಕ್ಯಾಶ್‌ಲೆಸ್ ರಿಪೇರಿ (ಬಿಲ್ಲಿನ ವಿಮೆಯ ಪಾಲನ್ನು ಕಂಪನಿಯೇ ನೇರವಾಗಿ ಕಟ್ಟುವುದು) ಸುಲಭವಾಗುತ್ತದೆ, ಕಾಗದ ಪತ್ರ ಓಡಾಡುವುದು ತಪ್ಪುತ್ತದೆ. ಆದರೆ ನಿಮ್ಮ ಕೈಯಲ್ಲಿ ಹೊರಗಿನ ಎರಡು ಕೊಟೇಶನ್ ಇದ್ದರೆ ಅವರ ದನಿಯೇ ಬದಲಾಗುತ್ತದೆ. ಅದೇ ವಿಮಾ ಮೌಲ್ಯ, ಅದೇ ಆ್ಯಡ್ ಆನ್ ಇಟ್ಟು ಎಷ್ಟಕ್ಕೆ ಕೊಡುತ್ತೀರಿ ಅಂತ ಕೇಳಿ. ಇಳಿಸಿದರೆ ಅವರಲ್ಲೇ ತಗೊಳ್ಳಿ. ಇಳಿಸದಿದ್ದರೆ ಹೊರಗಿನದ್ದು ಇದ್ದೇ ಇದೆ. ಕಾರಿನ ಬೆಲೆಯಲ್ಲಿ ಕೊಟ್ಟ ಡಿಸ್ಕೌಂಟ್ ಅನ್ನು ಇನ್ಶೂರೆನ್ಸ್ ಹೊರಗೆ ಮಾಡಿಸಿದರೆ ವಾಪಸ್ ತಗೊಳ್ಳುತ್ತೇವೆ ಅನ್ನುವುದೂ ಒಂದು ಆಟ. ಅದಕ್ಕೆ ಕಾರಿನ ಬೆಲೆಯನ್ನೂ ಇನ್ಶೂರೆನ್ಸನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ, ಮುಂಗಡ ಕೊಡುವ ಮೊದಲೇ.

ದುಡ್ಡು ಕಟ್ಟುವುದು ಯಾವಾಗ? ಕೊಟೇಶನ್‌ಗಳನ್ನು ಕೆಲವು ವಾರ ಮೊದಲೇ ತೆಗೆಸಿ. ಬ್ರಿಟನ್ನಿನಂಥ ಕಡೆ ಅವತ್ತೇ ಬೇಕು ಅಂತ ಹೋದವರಿಗೆ ದರ ಏರುತ್ತದೆ. ಮುಂಚೆ ಕೇಳಿದವರಿಗೆ ಅಗ್ಗ. ಆದರೆ ಪಾಲಿಸಿಗೆ ಹಣ ಕಟ್ಟುವುದು ಚಾಸಿಸ್ ನಂಬರ್ ಕೈಗೆ ಬಂದು, ವ್ಯವಹಾರ ಪಕ್ಕಾ ಆದ ಮೇಲೆ ಮಾತ್ರ. ಶುರುವಾಗುವ ದಿನ ಡೆಲಿವರಿಯ ದಿನವೇ ಇರಲಿ. ದಿನದ ಜೊತೆ ಗಂಟೆಯನ್ನೂ ನೋಡಿ. ಹೆಚ್ಚಿನ ಪಾಲಿಸಿಗಳು ಮಧ್ಯರಾತ್ರಿಯಿಂದ ಲೆಕ್ಕ. ಮಧ್ಯಾಹ್ನ ಕಾರು ತಗೊಂಡು, ಪಾಲಿಸಿ "ನಾಳೆಯಿಂದ" ಅಂತ ಇದ್ದರೆ ಇವತ್ತಿನ ಸಂಜೆಗೆ ನಿಮ್ಮ ಹತ್ತಿರ ಏನೂ ಇಲ್ಲ. ಹಿಂದಿನ ತಾರೀಖು ಹಾಕಿ ಕೊಡಿ ಅಂದರೆ ಯಾವ ನೆಟ್ಟಗಿನ ಕಂಪನಿಯೂ ಕೊಡುವುದಿಲ್ಲ, ಕೊಡುತ್ತೇನೆ ಅಂದವರನ್ನು ನಂಬಬೇಡಿ. ಡೆಲಿವರಿ ಮುಂದಕ್ಕೆ ಹೋದರೆ ತಕ್ಷಣ ಫೋನ್ ಮಾಡಿ ಶುರುವಾಗುವ ದಿನ ಬದಲಿಸಿಕೊಳ್ಳಿ. ಪಾಲಿಸಿ ಶುರುವಾಗುವ ಮೊದಲು ಇದು ಸಾಮಾನ್ಯವಾಗಿ ಸಲೀಸು.

ಸೆಕೆಂಡ್ ಹ್ಯಾಂಡ್ ವಿಚಾರಕ್ಕೆ ಬರೋಣ. ಹಳೇ ಮಾಲೀಕರ ಪಾಲಿಸಿ ನಿಮಗೆ ಬರುತ್ತದಾ? ಬ್ರಿಟನ್ನು, ಅಮೆರಿಕ ಅಂದರೆ ಇಲ್ಲ ಅಂತಲೇ ಉತ್ತರ. ಅಲ್ಲಿ ಪಾಲಿಸಿ ಆ ವ್ಯಕ್ತಿಯದ್ದು, ಕಾರು ಮಾರಿದ ಕ್ಷಣಕ್ಕೆ ನಿಮ್ಮ ಪಾಲಿಗೆ ಅದು ಕಾಗದ. ಬ್ರಿಟನ್ನಿನಲ್ಲಿ ವಿಮೆಯಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕವಾಗಿ 6 ಪಾಯಿಂಟ್. ಹೊಸ ಡ್ರೈವರ್‌ಗೆ ಮೊದಲ ಎರಡು ವರ್ಷದಲ್ಲಿ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು. ಅಂದರೆ ಒಂದೇ ಸಂಜೆಯ ಉದಾಸೀನಕ್ಕೆ ಮತ್ತೆ ಟೆಸ್ಟ್ ಕೊಡಬೇಕು.

ಭಾರತದಲ್ಲಿ ಸ್ವಲ್ಪ ಬೇರೆ. ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ಕಾರಿನ ಜೊತೆ ವಿಮೆಯೂ ಹೊಸ ಮಾಲೀಕರಿಗೆ ಹೋಯಿತು ಅಂತ ಭಾವಿಸುತ್ತಾರೆ. 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಬೇಕು. ಆದರೆ ಈ ರಕ್ಷಣೆ ಥರ್ಡ್ ಪಾರ್ಟಿಗೆ. ನಿಮ್ಮ ಕಾರಿನ ಸ್ವಂತ ಹಾನಿಗೆ, ಪಾಲಿಸಿ ನಿಮ್ಮ ಹೆಸರಿಗೆ ಆಗುವವರೆಗೂ ಕ್ಲೇಮ್ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಆರ್‌ಸಿಯಲ್ಲಿ (ಕಾರಿನ ನೋಂದಣಿ ಪತ್ರ) ಒಂದು ಹೆಸರು, ಪಾಲಿಸಿಯಲ್ಲಿ ಇನ್ನೊಂದು ಹೆಸರು ಇದ್ದಾಗ ಹಾನಿ ಅಳೆಯಲು ಬರುವ ಸರ್ವೇಯರ್ ಮೊದಲು ಬೆರಳಿಡುವುದೇ ಅಲ್ಲಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ. ಹೆಸರು ಬದಲಿಸುವಾಗ ಆ ವ್ಯತ್ಯಾಸದ ಹಣವನ್ನು ನೀವು ಕಟ್ಟಬೇಕು. ಪಾಲಿಸಿ ಮುಗಿದುಹೋಗಿದ್ದ ಕಾರಾದರೆ ಕಂಪನಿಯವರು ಕಾರನ್ನು ನೋಡಿಯೋ ವಿಡಿಯೋ ತರಿಸಿಕೊಂಡೋ ಆಮೇಲೆ ಪಾಲಿಸಿ ಕೊಡುತ್ತಾರೆ. ಅದಕ್ಕೆ ಒಂದೆರಡು ದಿನ ಹಿಡಿಯಬಹುದು. ಭಾನುವಾರ ಕಾರು ತರಬೇಕು ಅಂದರೆ ಇದನ್ನು ಮೊದಲೇ ಶುರುಮಾಡಿ.

ಇಲ್ಲೊಂದು ಉಪಾಯ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಕಾರಿಗೆ ಮುಂಗಡ ಕೊಡುವ ಮೊದಲು ಅದರ ನಂಬರ್ ಹಾಕಿ ಫುಲ್ ಇನ್ಶೂರೆನ್ಸ್ ಕೊಟೇಶನ್ ಕೇಳಿ. ಇದು ಪುಕ್ಕಟೆ ತಪಾಸಣೆ ಇದ್ದ ಹಾಗೆ. ಎಲ್ಲ ಕಂಪನಿಯೂ ಥರ್ಡ್ ಪಾರ್ಟಿ ಮಾತ್ರ ಕೊಡುತ್ತೇವೆ ಅಂದರೆ ಏನೋ ಇದೆ. ಹಿಂದೆ ದೊಡ್ಡ ಅಪಘಾತವಾಗಿ ಗುಜರಿಗೆ ಹೋಗಬೇಕಿದ್ದ ಕಾರನ್ನು ಎತ್ತಿ ನಿಲ್ಲಿಸಿರಬಹುದು. ಅಮೆರಿಕದಲ್ಲಿ ಇಂಥ ಕಾರಿನ ದಾಖಲೆಯಲ್ಲೇ 'ಸಾಲ್ವೇಜ್' ಅಂತ ಮುದ್ರೆ ಬೀಳುತ್ತದೆ. ಬ್ರಿಟನ್ನಿನಲ್ಲಿ ಎಸ್ ಮತ್ತು ಎನ್ ಅನ್ನುವ ವರ್ಗಗಳಿವೆ. ಎಸ್ ಅಂದರೆ ಚೌಕಟ್ಟಿಗೇ ಪೆಟ್ಟಾಗಿತ್ತು ಅಂತ, ಎನ್ ಅಂದರೆ ಚೌಕಟ್ಟು ಬಿಟ್ಟು ಬೇರೆ ಕಡೆ ಅಂತ. ಆಮೇಲೆ ಹಾಕಿಸಿದ ಸಿಎನ್‌ಜಿ ಕಿಟ್ ಇದ್ದರೆ ಅದು ಆರ್‌ಸಿಯಲ್ಲೂ ಇರಬೇಕು, ಪಾಲಿಸಿಯಲ್ಲೂ ಇರಬೇಕು. ಮಾರುವವರು "ಅದೇನೂ ಬೇಕಾಗಲ್ಲ ಬಿಡಿ" ಅಂದರೆ ನೀವೂ ಆ ಕಾರನ್ನು ಬಿಡಿ.

ಟೆಸ್ಟ್ ಡ್ರೈವ್ ವಿಷಯ ಚಿಕ್ಕದು. ಡೀಲರ್ ಕಾರಿಗೆ ಸಾಮಾನ್ಯವಾಗಿ ಅವರದ್ದೇ ವಿಮೆ ಇರುತ್ತದೆ, ಆದರೂ ಒಂದು ಮಾತು ಕೇಳಿ. ಖಾಸಗಿಯವರ ಕಾರಾದರೆ ಪಾಲಿಸಿ ಚಾಲ್ತಿಯಲ್ಲಿದೆಯಾ, ಬೇರೆಯವರು ಓಡಿಸಲು ಅದರಲ್ಲಿ ಅವಕಾಶ ಇದೆಯಾ ಅಂತ ನೋಡಿಯೇ ಸೀಟಿನಲ್ಲಿ ಕೂರಿ.

ಪಾಲಿಸಿ ಇಮೇಲ್‌ಗೆ ಬಂದ ಕೂಡಲೇ ತೆರೆದು ನೋಡಿ. ಹೆಸರಿನ ಸ್ಪೆಲಿಂಗ್, ಚಾಸಿಸ್ ನಂಬರ್, ವೇರಿಯಂಟ್, ಪೆಟ್ರೋಲೋ ಡೀಸೆಲೋ, ಬ್ಯಾಂಕಿನ ಹೆಸರು, ಶುರುವಾಗುವ ಗಂಟೆ. ತಪ್ಪಿದ್ದರೆ ಅವತ್ತೇ ಬರೆದು ತಿದ್ದಿಸಿ. ಕ್ಲೇಮ್ ಆದ ಮೇಲೆ ತಿದ್ದುಪಡಿ ಕೇಳಿದರೆ ಯಾರಿಗೂ ನಂಬಿಕೆ ಬರುವುದಿಲ್ಲ.

ಕೊನೆಗೆ ಅಪ್ಪನ ಹೆಸರಿನ ಪ್ರಶ್ನೆ. ದಿನಾ ಓಡಿಸುವವರು ನೀವು, ಕಾಗದದಲ್ಲಿ ಮುಖ್ಯ ಡ್ರೈವರ್ ಅಪ್ಪ ಅಂತ ತೋರಿಸುವುದು ಬ್ರಿಟನ್ನಿನಲ್ಲಿ ವಂಚನೆ ಅಂತಲೇ ಲೆಕ್ಕ. ಅದಕ್ಕೆ 'ಫ್ರಂಟಿಂಗ್' ಅಂತ ಹೆಸರೂ ಇದೆ. ಸಿಕ್ಕಿಬಿದ್ದರೆ ಕ್ಲೇಮ್ ಹೋಗುತ್ತದೆ, ಪಾಲಿಸಿ ರದ್ದಾಗುತ್ತದೆ, ಮುಂದೆ ಬೇರೆ ಕಂಪನಿಯೂ ಹಿಂದೆ ಮುಂದೆ ನೋಡುತ್ತದೆ. ಅಪ್ಪನ ಅನುಭವದಿಂದ ಲಾಭ ಪಡೆಯುವ ಸರಿಯಾದ ದಾರಿ ಬೇರೆ ಇದೆ. ಮುಖ್ಯ ಡ್ರೈವರ್ ನೀವೇ ಅಂತ ಹೇಳಿ, ಅಪ್ಪನೂ ಆಗಾಗ ಓಡಿಸುವುದು ನಿಜವಾದರೆ ಅವರನ್ನು ಎರಡನೇ ಡ್ರೈವರ್ ಆಗಿ ಸೇರಿಸಿ ಕೊಟೇಶನ್ ಕೇಳಿ. ಇಳಿಯಬಹುದು, ಇಳಿಯದೆಯೂ ಇರಬಹುದು. ಭಾರತದಲ್ಲಾದರೆ ಅಪ್ಪನ ವಯಸ್ಸಿನಿಂದ ಪ್ರೀಮಿಯಂನಲ್ಲಿ ಹೇಳಿಕೊಳ್ಳುವಂಥ ಲಾಭವೇನೂ ಇಲ್ಲ. ಲಾಭ ಇರುವುದು ಅವರು ತಮ್ಮ ಹಳೇ ಕಾರು ಮಾರಿ ನೋ ಕ್ಲೇಮ್ ಬೋನಸ್ ಉಳಿಸಿಕೊಂಡಿದ್ದರೆ ಮಾತ್ರ. ಆಗಲೂ ಹೊಸ ಕಾರಿನ ಆರ್‌ಸಿ ಅವರ ಹೆಸರಿನಲ್ಲೇ ಇರಬೇಕು. ಕಾರು ನಿಮ್ಮ ಹೆಸರಲ್ಲಿ, ಬೋನಸ್ ಅಪ್ಪನದ್ದು ಅಂದರೆ ನಡೆಯುವುದಿಲ್ಲ. ಮನೆಯವರೆಲ್ಲ ಓಡಿಸುವ ಕಾರು, ಅಪ್ಪನ ಹೆಸರಲ್ಲೇ ಇರಲಿ ಅಂತ ನಿಜವಾಗಿಯೂ ತೀರ್ಮಾನಿಸಿದರೆ ಸಾಲ, ಆರ್‌ಸಿ, ಪಾಲಿಸಿ ಮೂರೂ ಅವರ ಹೆಸರಲ್ಲೇ ಮಾಡಿಸಿ. ಒಂದು ಗೊತ್ತಿರಲಿ, ಆಗ ಮುಂದಿನ ವರ್ಷಗಳಲ್ಲಿ ಬೆಳೆಯುವ ಬೋನಸ್ಸೂ ಅವರದ್ದೇ ಆಗುತ್ತದೆ. ನಿಮ್ಮ ಖಾತೆ ಶುರುವಾಗುವುದು ನಿಮ್ಮ ಹೆಸರಲ್ಲಿ ಕಾರು ಬಂದ ದಿನ.